ತಿರುವಿನ ಮನೆಯ ದೀಪ

ತಿರುವಿನ ಮನೆ
ಮಂಗಳವಾರ, ಇಳಿಹೊತ್ತು

ಪ್ರೀತಿಯ ತಮ್ಮಾ,

"ನದಿ ತನ್ನ ದಾರಿಯ ಮರೆಯದು" ಎಂಬ ಸಾಲನ್ನು ಎಲ್ಲಿ ಓದಿದ್ದೆನೋ, ಮುಂದಿನದು ನೆನಪಿಗೆ ಬರುತ್ತಿಲ್ಲ. ಬರೆದವರಿಗೆ ನದಿಯ ಪಕ್ಕ ಮನೆ ಇದ್ದಂತಿಲ್ಲ. ನಿನ್ನ ಸೊಂಟನೋವು ಹೇಗಿದೆ? ಚುಕ್ಕಾಣಿ ಹಿಡಿದು ನಿಂತೇ ಊಟ ಮಾಡುವ ಚಾಳಿ ಬಿಟ್ಟೆಯಾ? ಅಮ್ಮ ಗಟ್ಟಿಯಾಗಿದ್ದಾಳೆ, ನನ್ನ ಜೊತೆ ಮಾತ್ರ ಮಾತು ಬಿಟ್ಟಿದ್ದಾಳೆ. ಕಾರಣ ಹೇಳುತ್ತೇನೆ.

ನೀನಿರುವ ಹಿಮಬೆಟ್ಟದ ಬುಡದಲ್ಲಿ ಬಂಡೆ ಸೀಳಿಕೊಂಡು ಓಡುವ ನದಿ, ಈ ಬಯಲಿಗೆ ಬರುವಷ್ಟರಲ್ಲಿ ಮೈಗಳ್ಳತನ ಕಲಿತಿರುತ್ತದೆ. ಹೊರದಂಡೆಯನ್ನು ಕೊರೆಯುತ್ತ, ಒಳದಂಡೆಗೆ ಮರಳು ಪೇರಿಸುತ್ತ ಹಾವಿನಂತೆ ಸುತ್ತುತ್ತದೆ. ನಮ್ಮ ಮನೆಯನ್ನು ಬಳಸಿ ಹೋಗುತ್ತಿದ್ದ ದೊಡ್ಡ ಸುತ್ತಿನ ಕುತ್ತಿಗೆಯಂಥ ಕಿರಿದಾದ ನೆಲವನ್ನು ಹೋದ ವಾರದ ನೆರೆ ಕಡಿದುಹಾಕಿತು. ನದಿಯೀಗ ದೋಣಿ ರಿಪೇರಿಯವರ ಮನೆಯ ಮುಂದೆ ನೆಟ್ಟಗೆ ಹರಿಯುತ್ತಿದೆ. ನಮ್ಮ ಬದಿಯ ಹಳೆಯ ಸುತ್ತಿನ ಬಾಯಿಗೆ ಮರಳು ತುಂಬಿದೆ. ಮೇಲೆ ಮೊಣಕಾಲುದ್ದ ನೀರು ನಿಂತಿರುವುದರಿಂದ ದೂರಕ್ಕೆ ಹಳೆಯ ನದಿಯೇ ಅನ್ನಿಸುತ್ತದೆ.

ನೀನೋ, ಮುಸ್ಸಂಜೆಯಲ್ಲಿ ಮಹಡಿಯ ದೀಪಕ್ಕೆ ಮೂತಿಯಿಟ್ಟು ದೋಣಿ ಬಿಡುವವನು. ತುಂಬಿದ ಸರಕಿನ ಸಮೇತ ಆ ಮರಳಿಗೆ ನುಗ್ಗಿದರೆ ದೋಣಿ ಮಗುಚಿಬೀಳುತ್ತದೆ. ಅಂಗಳ ದಾಟದ ಅಮ್ಮನಿಗೆ ಕಿಟಕಿಯಿಂದ ನೀರು ಕಂಡರೆ ಮುಗಿಯಿತು. ದೀಪ ಬೇಡವೆಂದಿದ್ದಕ್ಕೆ, "ನನ್ನ ಮಗ ಮನೆ ದಾರಿ ತಪ್ಪಲಿ ಅಂತೀಯಾ? ನಿಮ್ಮಪ್ಪನ ಹಾಗೆ ನದಿಯೂ ಸಿಟ್ಟು ಮಾಡ್ಕೊಂಡು ಎದ್ದುಹೋಯ್ತಾ?" ಎಂದಳು. ನಿನ್ನೆ ನಾನು ಆರಿಸಿದೆ. ಬೆನ್ನ ಹಿಂದೆಯೇ ಬಂದು ಹಚ್ಚಿದಳು, ಆಗಿನಿಂದ ನನ್ನೊಡನೆ ಮಾತಿಲ್ಲ. ಮಹಡಿಯ ಬೀಗದ ಕೈ ಈಗ ಅವಳ ದಿಂಬಿನಡಿಯಲ್ಲಿದೆ.

ನಿನ್ನ ಫೋನು ಆ ಕಣಿವೆಯಲ್ಲಿ ಸಿಗುತ್ತಿಲ್ಲ. ಈ ಕಾಗದ ಟಪಾಲು ದೋಣಿಯಲ್ಲಿ ಮೇಲಕ್ಕೆ ಬರಬೇಕು. ನೀನಾಗಲೇ ಹೊರಟಿದ್ದರೆ ಎರಡು ದೋಣಿಗಳೂ ಎದುರುಬದುರಾಗಿ ದಾಟಿಹೋಗುತ್ತವೆ. ಹಾಗಾಗದಿರಲೆಂದು ಇವತ್ತೇ ಕಳಿಸುತ್ತಿದ್ದೇನೆ. ದೀಪವನ್ನು ನಂಬಬೇಡ. ಜೋಪಾನವಾಗಿ ಬಾ.

ನಿನ್ನ ಅಕ್ಕ

ತಾ.ಕ.: ಮೇಲೆ ಬರೆದದ್ದನ್ನು ಬಿಡು. ಕಾಗದವನ್ನು ಟಪಾಲು ದೋಣಿಗೆ ಮುಟ್ಟಿಸಲು ಬಂದ ದೋಣಿ ರಿಪೇರಿಯವರು ನನ್ನನ್ನು ಬಿಟ್ಟು ಅಮ್ಮನನ್ನೇ ಮಾತಾಡಿಸಿದರು. ಅಮ್ಮ ಈಗ ದೀಪದ ಗಾಜು ಒರೆಸಿಟ್ಟು ಚಪ್ಪಲಿ ಹುಡುಕುತ್ತಿದ್ದಾಳೆ. ದೀಪಕ್ಕೇ ಮೂತಿಯಿಟ್ಟು ಬಾ. ಬಾಗಿಲಲ್ಲಿ ನಿಂತು ಅವರು ಹೇಳಿದ್ದಿಷ್ಟು: "ಆರಿಸೋದು ಯಾಕಮ್ಮಾ? ನಮ್ಮ ಮಾಳಿಗೆ ಮೇಲಿಡೋಣ, ನೀವೇ ಬಂದು ಹಚ್ಚಿ. ನದಿ ನಮ್ಮನೆಗೆ ಬಂದಿದೆ, ನಿಮ್ಮ ಮಗನೂ ಮೊದಲು ಅಲ್ಲಿಗೇ ಬರ್ತಾನೆ."