ಹುಣಸೆಬೀಜದ ಗಂಜಿ, ಬೆಳಕಿನ ಹಲಗೆ

ಚಳ್ಳಕೆರೆ ಸೀಮೆ
ಫೆಬ್ರವರಿ ಮೂವತ್ತು, 2147

ನಮ್ಮ ಹಿರಿಯರಿಗೆ,

ಫೆಬ್ರವರಿಗೆ ಮೂವತ್ತು ಎಲ್ಲಿಂದ ಬಂತೆಂದು ನಗಬೇಡಿ; ಕ್ಯಾಲೆಂಡರನ್ನು ನಾವು ತಿದ್ದಿಕೊಂಡಿದ್ದೇವೆ. ನನ್ನ ಬರಹದಲ್ಲಿ ತಿಳಿಯದ ಪದ ಸಿಕ್ಕರೆ ಕ್ಷಮಿಸಿ. ಸಿಟ್ಟು ಸಿಕ್ಕರೆ ಕ್ಷಮೆ ಕೇಳುವುದಿಲ್ಲ, ಅದು ಬೇಕೆಂದೇ ಇಟ್ಟದ್ದು.

ನೀವು ಎಲೆಕ್ಟ್ರೋಡ್ ಎನ್ನುವುದಕ್ಕೆ ನಾವು ಪದರಹಲಗೆ ಎನ್ನುತ್ತೇವೆ. ಬಳ್ಳಾರಿ ಜಾಲಿಯ ಇದ್ದಿಲು ಒಂದು ಪದರ, ಮ್ಯಾಂಗನೀಸ್ ಪುಡಿ ಒಂದು ಪದರ, ಮತ್ತೆ ಇದ್ದಿಲು. ಎಲ್ಲವನ್ನೂ ಹಿಡಿದಿಡುವುದು ಹುಣಸೆಬೀಜದ ಗಂಜಿ. ಉಪ್ಪುನೀರಿನ ತೊಟ್ಟಿಯಲ್ಲಿ ನಿಂತ ಈ ಹಲಗೆಗಳೇ ಬಿಸಿಲಿನ ಕರೆಂಟನ್ನು ಇರುಳಿಗೆ ಉಳಿಸುತ್ತವೆ. ನಮ್ಮ ಹೆರಿಗೆಮನೆಯ ದೀಪ ಉರಿಯುವುದು ಇವುಗಳಿಂದಲೇ. ನಾವು ಕಂಬಳಿ ನೇಯುವವರ ಮಕ್ಕಳು. ಕಂಬಳಿಗೆ ಇದೇ ಗಂಜಿ ಬಳಿದು ಬಿಸಿಲಿಗೆ ಹಾಕುವುದು ರೂಢಿ. ಹಲಗೆಯನ್ನೂ ಹಾಗೇ ಹಾಕಿದೆವು. ಸಂಜೆಗೆ ಪದರವೆಲ್ಲ ಶೇಂಗಾ ಸಿಪ್ಪೆಯಂತೆ ಎದ್ದು ಬಂತು! "ಕಂಬ್ಳಿ ಬುದ್ಧೀನ ಹಲ್ಗೆಗೆ ತೋರುಸ್ತೀರೇನ್ರೇ? ನೆಳ್ಳಾಗೆ ಆರಾಕ್ರೇ!" ಎಂದು ನಮ್ಮ ಜೊತೆ ಹಲಗೆ ಬಳಿಯುವ ಕೆಂಚಮ್ಮಜ್ಜಿ ತನ್ನನ್ನೂ ಸೇರಿಸಿ ಎಲ್ಲರನ್ನೂ ಬೈದಳು. ಆಮೇಲೆ ಒದ್ದೆ ಕಂಬಳಿ ಕಟ್ಟಿ, ಅದರ ನೆರಳಲ್ಲಿ ಒಂದೊಂದೇ ಪದರ ಒಣಗಿಸುವುದನ್ನು ಕಲಿತೆವು. ಹಲಗೆ ಸೋತರೆ ನೀರಲ್ಲಿ ನೆನೆಸಿ, ಕೆರೆದು, ಅದೇ ಪುಡಿಯನ್ನು ಮತ್ತೆ ಬಳಿಯುತ್ತೇವೆ. ಬಿಸಾಡುವುದೆಂಬುದೇ ಇಲ್ಲ.

ಈಗ ಮಿಂಚುಮಂಡಲಿ, ಅಂದರೆ ಕರೆಂಟಿನ ಮೇಲೆ ಅಧಿಕಾರ ನಡೆಸುವವರು, ತಮ್ಮ ಮುಚ್ಚಿದ ಬ್ಯಾಟರಿ ಪೆಟ್ಟಿಗೆಗಳನ್ನೇ ಇಟ್ಟುಕೊಳ್ಳಬೇಕೆಂದು ಅಪ್ಪಣೆ ಮಾಡಿದ್ದಾರೆ. ನಾಳೆ ಬೆಳಗ್ಗೆ ನಾವು ಹಲಗೆ ಬಳಿಯುವ ಕೊಟ್ಟಿಗೆಗೆ ಬೀಗ. ಆ ಪೆಟ್ಟಿಗೆಯನ್ನು ಬಿಚ್ಚುವಂತಿಲ್ಲ, ರಿಪೇರಿ ಮಾಡುವಂತಿಲ್ಲ. ಸತ್ತರೆ ನಮ್ಮ ಕೆರೆಗೇ ತಂದು ಸುರಿಯುತ್ತಾರಂತೆ. ನಿಮ್ಮ ಕಾಲದ ಪೆಟ್ಟಿಗೆಗಳ ವಿಷವೇ ಇನ್ನೂ ಆ ಕೆರೆಯ ತಳದಲ್ಲಿದೆ, ದನವೂ ಮೂತಿ ಇಡುವುದಿಲ್ಲ. ಹಗಲು ಕಂಡ ಬಾವಿಗೆ ಇರುಳು ಬೀಳುವವರು ನಾವಲ್ಲ. ಅಪ್ಪಣೆ ತಂದವನಿಗೆ ಹೇಳಿ ಕಳಿಸಿದ್ದೇನೆ: "ಬೀಗ ಹಾಕ್ತೀಯಾ? ನನ್ನೂ ಒಳಗಿಟ್ಟು ಹಾಕಪ್ಪಾ. ನಾನಂತೂ ಹಲ್ಗೆ ಬಳಿಯಾದು ಬಿಡಲ್ಲ."

ಭಯ ಇಲ್ಲವೆಂದರೆ ಸುಳ್ಳಾದೀತು. ನನ್ನ ತಂಗಿಗೆ ಈಗ ತುಂಬು ತಿಂಗಳು.

ನಿಮ್ಮಲ್ಲಿ ಒಂದೇ ಕೇಳಿಕೆ. ನಮಗೆ ಬೀಜ ಕೊಡುವ ಹುಣಸೆಮರ ಕೆರೆ ಏರಿಯ ಮೇಲಿದೆ. ರಸ್ತೆಗೆಂದು ಕಡಿಯಲು ನಿಮ್ಮ ಕಾಲದಲ್ಲಿ ಹೊಡೆದ ನಂಬರಿನ ತಗಡು ಅದರ ತೊಗಟೆಯೊಳಗೆ ಇನ್ನೂ ಹೂತುಕೊಂಡಿದೆ. ಮರ ಉಳಿದಿದೆ, ಅಂದರೆ ಕೊಡಲಿಗೆ ಯಾರೋ ಅಡ್ಡ ನಿಂತಿದ್ದಾರೆ. ಅವರ ಹೆಸರು ಇಲ್ಲಿ ಯಾರಿಗೂ ಗೊತ್ತಿಲ್ಲ. ಕೊಡಲಿ ಬಂದ ದಿನ ನೀವು ಮನೆಯಲ್ಲಿ ಕೂರಬೇಡಿ.

ನಾಳೆ ಕೊಟ್ಟಿಗೆಯ ಬಾಗಿಲಲ್ಲಿ ನಾನು ನಿಂತಿರುತ್ತೇನೆ.

ನಿಮ್ಮ ಮೊಮ್ಮಕ್ಕಳ ಮೊಮ್ಮಗಳು,
ಮೈಲಕ್ಕ