ಗುಂಡನ ತೂಕ

ಮಂಗಳವಾರ, ಮಾರ್ಚ್ ೧೧

ಪ್ರೀತಿಯ ಪುಟ್ಟಿ,

ಹೇಗಿದ್ದೀಯಾ? ಊಟ ಸೇರುತ್ತಿದೆಯಾ, ನಿದ್ದೆ ಬರುತ್ತಿದೆಯಾ? ಬರೆಯುವುದು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಶಾಲೆಯ ಸಮವಸ್ತ್ರಗಳ ಹೊಲಿಗೆ ರಾಶಿ ಬಿದ್ದಿತ್ತು, ಬೆರಳಿಗೆ ಸೂಜಿ ನಾಟಿತ್ತು ಎಂದು ನೆಪ ಹೇಳಬಹುದು. ಎರಡೂ ನಿಜವೇ. ಆದರೆ ನಿನಗೆ ಬರೆಯಲು ನನಗೆ ಮುಖವಿರಲಿಲ್ಲ.

ನಿನ್ನ ಮಗರಾಯ ಗುಂಡ ಈಗ ಹೊಲಿಗೆ ಯಂತ್ರದ ಪಕ್ಕದಲ್ಲೇ ಚಾಪೆಯ ಮೇಲೆ ಕೂತಿದ್ದಾನೆ. ನೂಲಿನುಂಡೆ ಕಿತ್ತುಕೊಂಡರೆ ಥೇಟ್ ನಿನ್ನ ಹಾಗೇ ಹುಬ್ಬು ಗಂಟಿಕ್ಕುತ್ತಾನೆ. ಕೆಳಗೆ ಎರಡು ಹಲ್ಲು ಬಂದಿವೆ. ಇನ್ನೆರಡು ಬಂದರೆ ಅಜ್ಜಿಗೆ ಸರಿಸಮ ಎಂದು ಪಕ್ಕದ ಮನೆಯಾಕೆ ಆಡಿಕೊಳ್ಳುತ್ತಾಳೆ. ನಗಲಿ ಬಿಡು.

ಮನಸ್ಸಿನ ಚಿಕಿತ್ಸೆಗೆಂದು ನಿನ್ನನ್ನು ಆ ಆಸ್ಪತ್ರೆಯಲ್ಲಿ ಬಿಟ್ಟು ಬಂದ ಮೇಲೆ ಮನೆಗೆ ಒಬ್ಬಳು ನರ್ಸಮ್ಮ ಬರಲು ಶುರು ಮಾಡಿದಳೆಂದು ಬರೆದಿದ್ದೆನಲ್ಲ. ತಾಯಿ ದೂರವಿರುವ ಮಕ್ಕಳ ಮನೆಗೆ ನರ್ಸು ಹೋಗಿಬಂದರೆ ಮಗುವಿಗೂ ಸಾಕುವವರಿಗೂ ಅನುಕೂಲವಾಗುತ್ತದೆಯೋ ಇಲ್ಲವೋ, ಅದನ್ನು ತಿಳಿಯಲು ಒಂದು ಸಂಶೋಧನೆಯಂತೆ. ಮೊದಲ ದಿನವೇ ನಾನು ಮೂಗು ಮುರಿದೆ. ನಿನ್ನನ್ನೂ ನಿನ್ನ ಅಣ್ಣನನ್ನೂ ಸಾಕಿದವಳಿಗೆ ಮೊನ್ನೆ ಮೊನ್ನೆ ಓದು ಮುಗಿಸಿದವಳು ಹೇಳಿಕೊಡುವುದೆಂದರೆ, ಮೊಮ್ಮಗಳು ಅಜ್ಜಿಗೆ ಕೆಮ್ಮು ಕಲಿಸಿದ ಹಾಗಾಯಿತಲ್ಲ! ಹೊರಗೆ ಹೀಗೆ ಜಂಬ, ಒಳಗೆ ಪುಕ್ಕಲು. ಮಗು ಸೊರಗಿದ್ದು ಕಂಡರೆ ಈ ಮುದುಕಿಗೆ ಸಾಕಲು ಬರುವುದಿಲ್ಲವೆಂದು ಬರೆದುಕೊಳ್ಳುತ್ತಾರೆ, ಒಂದು ದಿನ ಗಾಡಿ ತಂದು ಅವನನ್ನು ಎತ್ತಿಕೊಂಡು ಹೋಗುತ್ತಾರೆ ಎಂದು ನನ್ನ ಎದೆ ಹೊಡೆದುಕೊಳ್ಳುತ್ತಿತ್ತು.

ಅವನು ಸೊರಗಿದ್ದು ನಿಜ, ಪುಟ್ಟಿ. ಹೆಸರಿಗೆ ಗುಂಡ, ಕಾಲು ಕಡ್ಡಿ. ಹಾಲು ಕುಡಿದಷ್ಟೂ ಕಕ್ಕುತ್ತಿದ್ದ. ಹೊಟ್ಟೆಗೆ ಸಾಲುತ್ತಿಲ್ಲವೇನೋ ಎಂದು ನಾನು ಇನ್ನಷ್ಟು ಕುಡಿಸುತ್ತಿದ್ದೆ.

ಈಗ ನಾನು ಮಾಡಿದ್ದನ್ನು ಕೇಳು. ದೊಡ್ಡ ಪರದೆಗಳು ಗಾಳಿಗೆ ಹಾರದಿರಲೆಂದು ಅಂಚಿನೊಳಗೆ ಲೋಹದ ಬಿಲ್ಲೆಗಳನ್ನಿಟ್ಟು ಹೊಲಿಯುತ್ತೇನಲ್ಲ, ಅವನ್ನು ಗುಂಡನ ದಪ್ಪ ಅಂಗಿಯ ಅಂಚಿಗೆ ಹೊಲಿದೆ. ನರ್ಸಮ್ಮ ತೂಕ ನೋಡಲು ಬಂದ ದಿನ, ಮಗುವಿಗೆ ಶೀತ, ಅಂಗಿ ಬಿಚ್ಚಬೇಡಿ ಎಂದೆ. ನಾನೇ ತಕ್ಕಡಿಯ ಮೇಲೆ ಮಲಗಿಸಿದೆ, ನಾನೇ ಎತ್ತಿಕೊಂಡೆ. ಹಿರಿಯಳ ಮಾತು ಮೀರಲಾರದೆ ಪಾಪ ಆ ಹುಡುಗಿ ಬಟ್ಟೆಗೆಂದು ಒಂದಿಷ್ಟು ಕಳೆದು ಬರೆದುಕೊಂಡಳು. ಮುಂದಿನ ತಿಂಗಳೂ ಅದೇ ನೆಪ ಹೇಳಿ ಇನ್ನೊಂದಿಷ್ಟು ಬಿಲ್ಲೆ ಸೇರಿಸಿದೆ, ಅದರ ಮುಂದಿನ ತಿಂಗಳು ಮತ್ತಷ್ಟು. ಕಾಗದದ ಮೇಲೆ ಮೊಮ್ಮಗ ಬೆಳೆಯುತ್ತಲೇ ಹೋದ. ನೀವು ತುಂಬಾ ಚೆನ್ನಾಗಿ ನೋಡಿಕೊಳ್ತಿದ್ದೀರಿ ಎಂದು ಅವಳು ಹೊಗಳಿದಾಗ, ನಾಚಿಕೆಗೆಟ್ಟವಳು ನಾನು, ಹಿಗ್ಗಿಬಿಟ್ಟೆ.

ಕಳೆದ ತಿಂಗಳು ಅವಳ ಎದುರಿಗೇ ಗುಂಡ ಅಂಗಿಯ ತುಂಬ ವಾಂತಿ ಮಾಡಿಕೊಂಡ. ನಾನು ಒಳಗಿನಿಂದ ಬಟ್ಟೆ ತರುವಷ್ಟರಲ್ಲಿ ಅವಳು ಅಂಗಿ ಬಿಚ್ಚಿದ್ದಳು. ಕೈಜಾರಿ ಅದು ನೆಲಕ್ಕೆ ಬಿತ್ತು. ಬಟ್ಟೆ ಬಿದ್ದ ಸದ್ದಲ್ಲ ಅದು. ಅವಳು ಅಂಚು ಹಿಚುಕಿ ನೋಡಿದಳು, ನನ್ನ ಮುಖ ನೋಡಿದಳು. ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಅವಳು ಬೈಯಲಿಲ್ಲ. ಮಗುವನ್ನು ಒರೆಸಿ, ಬರಿಮೈಯಲ್ಲಿ ತಕ್ಕಡಿಯ ಮೇಲೆ ಮಲಗಿಸಿ, ಮೆಲ್ಲಗೆ ಅಂದಳು: "ಅಮ್ಮಾ, ನಾನು ತೂಗೋಕೆ ಬಂದಿದ್ದು ಮಗೂನ, ನಿಮ್ಮನ್ನಲ್ಲ."

ಅದೇ ದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ನಾನು ಹಟ ಹಿಡಿದು ಕುಡಿಸುತ್ತಿದ್ದ ಹಾಲೇ ಅವನಿಗೆ ಆಗುತ್ತಿರಲಿಲ್ಲವಂತೆ. ತೂಕ ಏರುತ್ತಿಲ್ಲವೆಂದು ಮೊದಲೇ ಗೊತ್ತಾಗಿದ್ದರೆ ಆಗಲೇ ಬದಲಿಸಬಹುದಿತ್ತಂತೆ. ಈಗ ಕಲಸಿ ಕುಡಿಸಲು ಬೇರೆ ಪುಡಿ ಕೊಟ್ಟಿದ್ದಾರೆ. ಕುಡಿದದ್ದು ಹೊಟ್ಟೆಯಲ್ಲಿ ನಿಲ್ಲುತ್ತಿದೆ, ಕೆನ್ನೆಗೆ ಸ್ವಲ್ಪ ಬಣ್ಣ ಬಂದಿದೆ. ಹೆದರಬೇಡ.

ಇನ್ನೂ ನಾಚಿಕೆಯ ವಿಷಯವೆಂದರೆ, ಬಟ್ಟೆ ಬಿಚ್ಚದೆ ತೂಗಿದ್ದು ತನ್ನ ತಪ್ಪು ಎಂದು ಅವಳು ಮೇಲಿನವರ ಹತ್ತಿರ ಹೇಳಿ ಬೈಸಿಕೊಂಡಳಂತೆ. ನನ್ನ ಮೇಲೆ ಒಂದು ಮಾತೂ ಹಾಕಲಿಲ್ಲವಂತೆ. ಅವಳ ಜೊತೆಯವಳಿಂದ ಅದು ಗೊತ್ತಾದ ಮೇಲೆ ಎರಡು ದಿನ ಒದ್ದಾಡಿ, ಕೊನೆಗೆ ಆ ಅಂಗಿಯನ್ನು ಚೀಲದಲ್ಲಿ ಹಾಕಿಕೊಂಡು ಅವರ ಕಚೇರಿಗೆ ಹೋಗಿ ಸಂಶೋಧನೆಯ ದೊಡ್ಡ ಮೇಡಂ ಮುಂದೆ ಇಟ್ಟೆ. ಯಾಕಮ್ಮಾ ಹೀಗೆ ಮಾಡಿದಿರಿ ಎಂದು ಕೇಳಿದರು. ಮಗುವನ್ನು ಕಿತ್ತುಕೊಳ್ಳುತ್ತೀರೆಂದು ಹೆದರಿದೆ ಎಂದೆ. ಅವರು ಅಂಗಿಯನ್ನು ಮಡಿಸಿ ಪಕ್ಕಕ್ಕಿಟ್ಟರು. ಆಮೇಲೆ, ನಿಮಗೆ ನಮ್ಮ ಹೆದರಿಕೆ ಇದೆಯಾ ಎಂದು ನಾವು ಒಂದು ಮನೆಯಲ್ಲೂ ಕೇಳಿಲ್ಲವಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ನರ್ಸಮ್ಮ ಈಗಲೂ ಬರುತ್ತಾಳೆ. ನಾನು ಅವಳ ಕಣ್ಣು ತಪ್ಪಿಸಿ ಮಾತಾಡುತ್ತೇನೆ. ಅವಳು ಮೊದಲಿನಂತೆಯೇ ಇದ್ದಾಳೆ, ಅದೇ ನನಗೆ ಕಷ್ಟ.

ಮಾತ್ರೆ ತಪ್ಪಿಸಬೇಡ. ಕಿಟಕಿಯ ಹತ್ತಿರ ಹಾಸಿಗೆ ಕೇಳಿ ತೆಗೆದುಕೋ, ಕತ್ತಲೆ ನಿನಗೆ ಆಗುವುದಿಲ್ಲ. ನಿನ್ನ ಮನಸ್ಸು ತಿಳಿಯಾಗಲಿ, ನೀನು ನೂರು ವರ್ಷ ನಗುತ್ತಾ ಬಾಳು.

ಇಂತಿ,
ನಿನ್ನ ಅಮ್ಮ

ಮರೆತ ಮಾತಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಆ ಸುಳ್ಳು ತೂಕವನ್ನೇ ಪ್ರತಿ ಪತ್ರದಲ್ಲೂ ನಿನಗೂ ಬರೆದೆ. ಗುಂಡ ದುಂಡಗಾಗಿದ್ದಾನೆ, ಯಾವ ಕೊರತೆಯೂ ಇಲ್ಲ ಎಂದೆ. ನಿನ್ನ ನೆಮ್ಮದಿಗಲ್ಲ, ಗಟ್ಟಿಗಿತ್ತಿ ಅನ್ನಿಸಿಕೊಳ್ಳಲು. ಅದಕ್ಕೆ ನೀನು ಒಂದೇ ಸಾಲು ಬರೆದೆ: "ನಾನಿಲ್ಲದೇನೇ ಅವನು ಚೆನ್ನಾಗಿದ್ದಾನಲ್ಲಮ್ಮ, ಹಾಗೇ ಇರಲಿ ಬಿಡು." ಮನೆಗೆ ಕಳಿಸುತ್ತೇವೆಂದರೂ ನೀನು ಒಪ್ಪುತ್ತಿಲ್ಲವೆಂದು ನಿನ್ನ ಡಾಕ್ಟರು ಫೋನಿನಲ್ಲಿ ಹೇಳಿದರು. ನಿನ್ನ ಆ ಸಾಲು ಕೈಗೆ ಬಂದಾಗ ಅವನು ಕುಡಿದದ್ದೆಲ್ಲ ಕಕ್ಕಿ ನನ್ನ ಹೆಗಲ ಮೇಲೆ ಅಳುತ್ತಿದ್ದ. ಅವನು ಚೆನ್ನಾಗಿರಲಿಲ್ಲ ಪುಟ್ಟಿ. ನನ್ನೊಬ್ಬಳ ಕೈಲಿ ಆಗಲಿಲ್ಲ.