ಆಯಿಯ ಎರಡನೇ ಗಂಟೆ

ನ. 3, ಸೋಮವಾರ. ಹುಮನಾಬಾದ್

ಬೆಳಿಗ್ಗೆ ಲೈನ್‌ಗಳನ್ನೆಲ್ಲ ನೋಡಿದೆ. ಚಿಟಗುಪ್ಪ ಸರಿ, ಮಂಠಾಳ ಸರಿ. ಹಾಸಿಗೆ ಹಿಡಿದವರು ಪಕ್ಕದ ಡಬ್ಬಿಯ ಗುಂಡಿ ಒತ್ತಿದರೆ ನನ್ನ ಅಂಗಡಿಯ ಸರ್ವರ್‌ನಲ್ಲಿ ಗಂಟೆ. ನಾನು ನೆರೆಮನೆಗೆ ಫೋನ್ ಮಾಡುತ್ತೇನೆ. ಸಿ ಭಾಷೆಯಲ್ಲಿ ನಾನೇ ಬರೆದ ಡೀಮನ್, ತೆರೆಮರೆಯ ಪ್ರೋಗ್ರಾಂ, ಹಗಲುರಾತ್ರಿ ನಡೆಯುತ್ತದೆ.

ಬಸವಕಲ್ಯಾಣದ ನಮ್ಮ ಮನೆಯ ಲೈನ್ ಇನ್ನೂ ಜೀವಂತ ಎಂದು ತೋರಿಸುತ್ತಿದೆ. ಆಯಿ, ನನ್ನ ಅಜ್ಜಿ, ತೀರಿಕೊಂಡ ದಿನವೇ ಅವಳ ಡಬ್ಬಿಯ ವೈರ್ ಕಿತ್ತು ಸಂದೂಕಿನಲ್ಲಿಟ್ಟು ಕೀಲಿ ಹಾಕಿದೆ. ಮುಚ್ಚುತ್ತೇನೆಂದು ಹೇಳದೆ ಹೋದ ಕ್ಲೈಂಟ್ ಸರ್ವರ್‌ನ ಪಟ್ಟಿಯಲ್ಲಿ ಹೀಗೆ ಉಳಿಯುತ್ತದೆ, ದೆವ್ವವೇನಲ್ಲ. ತೆಗೆಯಬೇಕು.

ಆಯಿ ಎರಡು ಸಲ ಒತ್ತುತ್ತಿದ್ದಳು. ಕರೆಯಲು ಒಂದು, ಜನ ಬಂದ ಮೇಲೆ, ಸಾಕು ಎನ್ನಲು ಇನ್ನೊಂದು.

ನ. 5

ಸೊಂಟ ಮುರಿದು ನಮ್ಮ ಮನೆಯಲ್ಲೇ ಮಲಗಿರುವ ವೈಜಿನಾಥ ಕಾಕಾನಿಗೆ ಹೊಸ ಡಬ್ಬಿ ಹಚ್ಚಿ ಬಂದೆ. ಸರ್ವರ್ ಒಳಗೆ ಬಿಡಲೊಲ್ಲದು. ಮನೆಗೆ ಒಂದೇ ಲೈನ್, ಅಲ್ಲಿ ಆಯಿ ಕೂತಿದ್ದಾಳೆ. ಹಗಲೆಲ್ಲ ಅವ್ವ ಹೊಲದಲ್ಲಿ, ಕಾಕಾ ಒಬ್ಬನೇ. ಆದರೂ ಆಯಿಯನ್ನು ಕಿತ್ತುಹಾಕಲು ಕೈ ಬರಲಿಲ್ಲ... ನಾಳೆ.

ನ. 8, ಮಧ್ಯಾಹ್ನ

ಆಯಿಯ ಲೈನಿನಿಂದ ಗಂಟೆ. ಒಂದೇ ಸಲ.

ಪ್ರೋಗ್ರಾಂ ತಪ್ಪಿರಬಹುದು — ಅಂದುಕೊಂಡೇ ನೆರೆಮನೆಯ ಕುಲ್ಸುಮ್ ಬೀಗೆ ಫೋನ್ ಹಚ್ಚಿದೆ. ಅವರು ಹೋಗಿ ನೋಡಿದರೆ ಕಾಕಾ ಬಚ್ಚಲ ಬಾಗಿಲಲ್ಲಿ ಬಿದ್ದಿದ್ದಾನೆ, ಬಾಯಿ ಒಣಗಿ. ಎಬ್ಬಿಸಿ ನೀರು ಕುಡಿಸಿದರು. ಇನ್ನಷ್ಟು ತಡವಾಗಿದ್ದರೆ ಉಳಿಯುತ್ತಿರಲಿಲ್ಲ. ಆಯಿಯ ಡಬ್ಬಿ ಯಾರಾದರೂ ಹೊರತೆಗೆದಿದ್ದಾರೆಯೇ ನೋಡಿ ಎಂದು ಅವರನ್ನೇ ಕೇಳಿದೆ.

"ಸಂದೂಕಿನ ಕೀಲಿ ಹಾಕಿದ್ದು ಹಾಂಗೇ ಅದ, ಬೇಟಿ. ನಿನಗ ಯಾರು ಹೇಳಿದ್ರು?"

ಸಂಜೆವರೆಗೆ ಎರಡನೇ ಗಂಟೆಗೆ ಕಾದೆ. ಬರಲಿಲ್ಲ.

ನ. 9

ಮನೆಗೆ ಹೋಗಿದ್ದೆ. ಆಯಿಯ ಲೈನೇ ಇರಲಿ ಎಂದು ಕಾಕಾ ಹಟ ಹಿಡಿದ. ನನಗೂ ಅದೇ ಆಸೆ. ಆದರೆ ಮುಂದಿನ ಸಲ ಬಾರಿಸದಿದ್ದರೆ? ಆಯಿ ಉಸಿರು ಬಿಟ್ಟ ಜಾಗದ ದೀಪಕ್ಕೆ ಎಣ್ಣೆ ಹಾಕುತ್ತಿದ್ದ ಅವ್ವ, ತಿರುಗಿ ನೋಡದೆಯೇ ಹೇಳಿದಳು:

"ಜಿಂದಗಿ ಪೂರಾ ನಮ್ಮನ್ನ ಕಾಯ್ದಾಳ, ಮನೀಷಾ. ಇನ್ನಾ ಕಾಯಾಕತ್ತಾಳ. ಈಗರ ಬಿಡು ಆಕಿಗಿ."

ನ. 10, ಬೆಳಿಗ್ಗೆ

ಲೈನ್ ಮುಚ್ಚಲು ಬರೀ ಕ್ಲೋಸ್ ಕೊಟ್ಟರೆ ಆಗದು. ಆ ಲೈನಿಗೆ ಕಿವಿಗೊಟ್ಟು ಕೂತ ಥ್ರೆಡ್, ಪ್ರೋಗ್ರಾಂನ ಒಂದು ಎಳೆ, ಕಾಯುತ್ತಲೇ ಇರುತ್ತದೆ. ಮೊದಲು ಶಟ್‌ಡೌನ್, ಮುಗಿಯಿತೆಂದು ತಿಳಿಸಲು; ಆಮೇಲೆ ಕ್ಲೋಸ್. ಬಾಗಿಲು ಹಾಕುವ ಮುನ್ನ "ಹೋಗಿ ಬಾ" ಅನ್ನುವ ಹಾಗೆ. ಸತ್ತವರಿಗೆ ಮಾತ್ರ "ಬಾ" ಅನ್ನಬಾರದಂತೆ.

ಸಾಲು ಬರೆದಾಯಿತು. ಎಂಟರ್ ಮೇಲೆ ಬೆರಳು. ಅಳು ಬರುತ್ತಿದೆ.

ಗಂಟೆ. ಆಯಿಯದೇ... ಎರಡನೆಯದು.

ನಾನಿನ್ನೂ ಒತ್ತಿಲ್ಲ. ಆದರೂ ಲೈನ್ ಖಾಲಿ — ಆ ಕಡೆಯವರೇ ಮುಚ್ಚಿ ಹೋಗಿದ್ದಾರೆ ಎಂದು ತೋರಿಸುತ್ತಿದೆ. ಕಾಕಾನ ಡಬ್ಬಿ ಒಳಗೆ ಬಂತು.

ಆಯಿ, ಹೋಗಿ...